ಎರಡು ಕಾಲೇಜುಗಳೂ ಅಜ್ಜನ ತಕ್ಕಡಿಯೂ

ಅಜ್ಜನ ಅಂಗಡಿಯ ಒಳಮೇಜಿನಿಂದ,
ಜೂನ್ ೧೪, ಭಾನುವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಂಟಲು ನೋವು ಕಡಿಮೆಯಾಯಿತೇ? ಹೋದ ಭಾನುವಾರ ಫೋನಿನಲ್ಲಿ ನಿನ್ನ ದನಿ ಕೇಳಿ ಅಮ್ಮ ಹೌಹಾರಿಬಿಟ್ಟಳು. "ಊರಿಗೆಲ್ಲ ಔಷಧಿ ಕೊಡ್ತಾಳೆ, ತಾನು ಒಂದು ಗುಳಿಗೆ ನುಂಗಲ್ಲ" ಎಂದು ಇಡೀ ದಿನ ಗೊಣಗಿದಳು. ಗಣಿ ಕ್ಯಾಂಪಿನ ಆರುನೂರು ಜನಕ್ಕೆ ನೀನೊಬ್ಬಳೇ ನರ್ಸ್ ಎಂಬುದು ಗೊತ್ತು, ಆದರೆ ಆರುನೂರ ಒಂದನೆಯವಳಾಗಿ ನಿನ್ನ ಹೆಸರನ್ನೂ ಆ ಪಟ್ಟಿಗೆ ಸೇರಿಸಿಕೊ. ಅಜ್ಜ ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯ ತಾನೇ? ಅವು ತಲುಪಿದವೋ ಇಲ್ಲವೋ ಎಂದು ಒಂದು ಸಾಲು ಬರೆದಿಲ್ಲ, ಅದರ ಹಿಂದಿನ ಎರಡು ಪತ್ರಗಳಿಗೂ ಉತ್ತರವಿಲ್ಲ. ನಿನ್ನ ನೆಪ ನನಗೆ ಬಾಯಿಪಾಠವಾಗಿದೆ: "ಪೆನ್ನು ಸಿಗಲಿಲ್ಲ ಕಣೇ." ಔಷಧಿ ಚೀಟಿ ಬರೆಯುವಾಗ ಸಿಗುವ ಪೆನ್ನು ತಂಗಿಗೆ ಪತ್ರ ಬರೆಯುವಾಗ ಮಾತ್ರ ಎಲ್ಲಿ ಮಾಯವಾಗುತ್ತದೋ ದೇವರೇ ಬಲ್ಲ. ಇರಲಿ, ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಕಾಲೂ ಚೆನ್ನಾಗಿದೆ. ಈ ಎರಡು ವಾರ ಅದು ಓಡಾಡಿದಷ್ಟು ಹಿಂದೆಂದೂ ಓಡಾಡಿಲ್ಲ.

ಫೋನಿನಲ್ಲಿ ನಾನು ಹೇಳಿದ್ದು ನಿನಗೆ ಎಷ್ಟು ಕೇಳಿಸಿತೋ ಏನೋ. "ಅಕ್ಕಾ ಸಿಕ್ತು, ಎರಡೂ ಸಿಕ್ತು" ಅನ್ನುವಷ್ಟರಲ್ಲಿ ನಿನ್ನ ಹಿಂದೆ ಸರತಿಯಲ್ಲಿ ನಿಂತವರೆಲ್ಲ ಹೋ ಎಂದು ಕೂಗಿದರು, ಆಮೇಲೆ ಲೈನೇ ಸತ್ತುಹೋಯಿತು. ಕ್ಯಾಂಪಿಗೆಲ್ಲ ಒಂದೇ ಫೋನು, ಅದರ ಸುತ್ತ ಹತ್ತು ಜೊತೆ ಕಿವಿ. ಅಲ್ಲಿ ಹೇಳುವ ಮಾತುಗಳಲ್ಲ ಇವು. ಗುರುವಾರದ ಸಾಮಾನಿನ ಲಾರಿಗೆ ಈ ಪತ್ರ ಸಿಗಬೇಕು ಎಂದು ಬೆಳಿಗ್ಗೆಯೇ ಕೂತಿದ್ದೇನೆ. ನಡುವೆ ಎಲ್ಲಾದರೂ ನಾನು ಹಿಂದುಮುಂದಾಗಿ ಬರೆದರೆ ಬೈಯಬೇಡ. ನನಗೆ ಗಡಿಬಿಡಿ ಎಂದು ಹೆಸರಿಟ್ಟವಳು ನೀನೇ.

ಹಾಂ, ಮೊದಲಿನಿಂದ ಹೇಳುತ್ತೇನೆ. ಮೊದಲ ಪತ್ರ ಬಂದದ್ದು ಎರಡನೇ ತಾರೀಕು ಮಂಗಳವಾರ, ಗಡಿಯಾರ ಕಾಲೇಜಿನಿಂದ. ಹೌದು ಅಕ್ಕಾ, ನಿನ್ನ ಗಡಿಯಾರ ಕಾಲೇಜು, ಎಂಟು ವರ್ಷದ ಹಿಂದೆ ನಿನಗೆ ಸೀಟು ಕೊಟ್ಟು ನೀನು ಬೇಡ ಅಂದದ್ದು. ಲಕೋಟೆಯ ಮೇಲೆ ಆ ಗೋಪುರದ ಚಿತ್ರ ನೋಡಿದ ಕೂಡಲೇ ನಿಂತಲ್ಲೇ ಒಡೆದು ಓದಿದೆ, ಸೀಟು ಸಿಕ್ಕಿತ್ತು! ಅಜ್ಜ ಬೇಕರಿಗೆ ಹೋಗಿದ್ದರು, ಅಮ್ಮ ಡ್ಯೂಟಿಯಲ್ಲಿದ್ದಳು, ಹೇಳೋಣವೆಂದರೆ ಅಂಗಡಿಯಲ್ಲಿ ತಕ್ಕಡಿಗಳು ಬಿಟ್ಟರೆ ಒಂದು ನರಪಿಳ್ಳೆ ಇಲ್ಲ. ಚಪ್ಪಲಿ ಹಾಕಿಕೊಂಡು ಓಡಿದೆ, ಮೂಲೆಯ ಬಸ್ ನಿಲ್ದಾಣದಲ್ಲಿ ನಿಂತೆ. ಅಮ್ಮನ ಹದಿನಾಲ್ಕನೇ ನಂಬರು ಬಂತು. ನನ್ನ ಮುಖ ನೋಡಿದ್ದೇ ಅಮ್ಮನಿಗೆ ಗೊತ್ತಾಗಿಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಡ್ರೈವರ್ ಬಾಗಿಲಿನಿಂದ ಕೆಳಗಿಳಿದು ಬಂದು ನನ್ನನ್ನು ತಬ್ಬಿಕೊಂಡಳು. ಬಸ್ಸಿನ ತುಂಬ ಜನ. ಹಿಂದಿನ ಗಾಡಿಗಳವರು ಹಾರ್ನ್ ಬಾರಿಸುತ್ತಿದ್ದಾರೆ. ಮುಂದಿನ ಸೀಟಿನಲ್ಲಿದ್ದ ಒಬ್ಬ ಮುದುಕರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಏನಮ್ಮಾ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳಿದರು. ಅಮ್ಮ ಅಳುತ್ತಾ "ಇಲ್ಲ ಅಜ್ಜಾ, ಡಾಕ್ಟರ್ ಆಗ್ತಾಳೆ" ಅಂದಳು. ಅವರು "ಹಾಗಾದ್ರೆ ನನ್ ಮೊಣಕಾಲು ನೋಡೋಕೆ ಹೇಳು" ಅಂದರು. ಅದು ನನ್ನ ಮೊದಲನೇ ರೋಗಿ ಎಂದು ಬರೆದಿಟ್ಟುಕೊ.

ಮರುದಿನ ಬುಧವಾರ ಎರಡನೇ ಪತ್ರ ಬಂತು, ನದಿಯ ಕಾಲೇಜಿನಿಂದ. ಅದೇ, ರೈಲಿನಲ್ಲಿ ಒಂಬತ್ತು ಗಂಟೆ ದೂರದ್ದು. ನಾನು ಅರ್ಜಿ ಹಾಕುವಾಗ ನೀನೇ "ಅಲ್ಲಿ ಸಿಗೋದು ಕಷ್ಟ, ಆದ್ರೂ ಹಾಕು" ಅಂದಿದ್ದೆಯಲ್ಲ, ಅದು. ಅಮ್ಮ ನಂಬಲೇ ಇಲ್ಲ. ನಿನ್ನೆಯ ಪತ್ರವನ್ನೇ ತಪ್ಪಾಗಿ ಎರಡು ಸಲ ಕಳಿಸಿದ್ದಾರೆ ಎಂಬುದು ಅವಳ ವಾದ. ಓದಿ ತೋರಿಸಿದರೂ ಕೇಳಲಿಲ್ಲ. ಆಗ ಅಜ್ಜ ಏನು ಮಾಡಿದರು ಗೊತ್ತೇ? ಎರಡೂ ಪತ್ರಗಳನ್ನು ತೆಗೆದುಕೊಂಡು ಹೋಗಿ ಅಕ್ಕಸಾಲಿಗರ ಚಿಕ್ಕ ತಕ್ಕಡಿಯಲ್ಲಿ ಒಂದೊಂದು ತಟ್ಟೆಗೆ ಒಂದೊಂದು ಇಟ್ಟರು. ಮುಳ್ಳು ಒಂದು ಕಡೆಗೆ ವಾಲಿತು. "ಎರಡು ಗ್ರಾಂ ವ್ಯತ್ಯಾಸ ಇದೆ. ಬೇರೆ ಬೇರೆ ಪತ್ರಗಳೇ" ಎಂದು ತೀರ್ಪು ಕೊಟ್ಟರು. ಅದಕ್ಕೆ ಅಮ್ಮ ಒಪ್ಪಿದಳು! ಇಂಥ ಮನೆಯಲ್ಲಿ ಹುಟ್ಟಿ ನಾವಿಬ್ಬರೂ ಇಷ್ಟು ನೆಟ್ಟಗಿರುವುದೇ ದೊಡ್ಡದು ಅಕ್ಕಾ. ಆಮೇಲೆ ಮೂವರೂ ಸೇರಿ ನಕ್ಕಿದ್ದೇ ನಕ್ಕಿದ್ದು. ಪಕ್ಕದ ಔಷಧಿ ಅಂಗಡಿಯವರು ಏನೋ ಬಿದ್ದು ಒಡೆಯಿತೆಂದು ನೋಡಲು ಬಂದರು.

ನಗು ಮುಗಿದ ಮೇಲೆ ಫಜೀತಿ ಶುರುವಾಯಿತು. ಇಪ್ಪತ್ತನೇ ತಾರೀಕಿನ ಒಳಗೆ ಎರಡೂ ಕಡೆಗೆ ಉತ್ತರ ಕೊಡಬೇಕು, ಒಂದಕ್ಕೆ ಬರುತ್ತೇನೆಂದು, ಇನ್ನೊಂದಕ್ಕೆ ಇಲ್ಲವೆಂದು. ವಿದ್ಯಾರ್ಥಿವೇತನ ಎರಡೂ ಕಡೆ ಇದೆ, ಆದ್ದರಿಂದ ಆ ಮಾತು ಅಲ್ಲಿಗೇ ಮುಗಿಯಿತು. ಅಮ್ಮನಿಗೆ ಯೋಚಿಸುವುದಕ್ಕೆ ಏನೂ ಇರಲಿಲ್ಲ. ಹದಿನಾಲ್ಕನೇ ನಂಬರು ಗಡಿಯಾರ ಕಾಲೇಜಿನ ಗೇಟಿನ ಮುಂದೆಯೇ ನಿಲ್ಲುತ್ತದೆ, ದಿನಾ ತಾನೇ ಮಗಳನ್ನು ಇಳಿಸುತ್ತೇನೆ ಎಂದು ಅವಳು ಡಿಪೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಔಷಧಿ ಅಂಗಡಿಯವರದೂ ಹಳೆಯ ಗಡಿಯಾರ ಕಾಲೇಜೇ ವಾಸಿ ಎಂಬ ಪಕ್ಷ. ಅಜ್ಜ ಮಾತ್ರ ಯಾವ ಪಕ್ಷಕ್ಕೂ ಸೇರಲಿಲ್ಲ. ಕೇಳಿದರೆ, "ನೋಡ್ದೆ ತೂಗೋದು ಹೇಗೆ? ಎರಡೂ ಹೋಗಿ ನೋಡ್ಕೊಂಡು ಬರೋಣ" ಅಂದರು. ಎಂಟನೇ ತಾರೀಕು ಅಂಗಡಿಗೆ ಬೀಗ ಹಾಕಿ, ಜೇಬಿನಲ್ಲಿ ತಮ್ಮ ಚಿಕ್ಕ ಸ್ಕ್ರೂಡ್ರೈವರ್ ಇಟ್ಟುಕೊಂಡು ನನ್ನ ಜೊತೆ ರೈಲು ಹತ್ತಿದರು. ಅದು ಏಕೆಂದು ನಾನು ಕೇಳಲಿಲ್ಲ, ಕೇಳಬೇಕಾಗಿತ್ತು.

ಅಕ್ಕಾ, ನದಿಯ ಕಾಲೇಜನ್ನು ನೀನು ನೋಡಬೇಕು! ಗೇಟು ದಾಟಿದರೆ ಒಂದು ಕಡೆ ಕಾಲೇಜು, ಇನ್ನೊಂದು ಕಡೆ ಆಸ್ಪತ್ರೆ, ನಡುವೆ ಗೋಡೆಯೇ ಇಲ್ಲ. ಮೊದಲನೇ ತಿಂಗಳಿನಿಂದಲೇ ಪ್ರತಿ ವಿದ್ಯಾರ್ಥಿಗೂ ಒಂದು ವಾರ್ಡು ಒಪ್ಪಿಸುತ್ತಾರೆ, ವಾರಕ್ಕೆ ಎರಡು ಮಧ್ಯಾಹ್ನ ಅಲ್ಲಿರಬೇಕು, ಸುಮ್ಮನೆ ಕೂತು ಮಾತಾಡಿಸಿದರೂ ಸರಿ. ಮೂರನೇ ಮಹಡಿಯಲ್ಲಿ ಮಕ್ಕಳ ಮೂಳೆ ವಾರ್ಡು. ಅದರ ಕಾರಿಡಾರಿನಲ್ಲಿ ಗೋಡೆಯುದ್ದಕ್ಕೂ ಹಿಡಿದು ನಡೆಯಲು ಎರಡು ಸಾಲು ಕಂಬಿ ಹಾಕಿದ್ದಾರೆ, ಒಂದು ದೊಡ್ಡವರ ಎತ್ತರಕ್ಕೆ, ಇನ್ನೊಂದು ನನ್ನ ಸೊಂಟದಷ್ಟೂ ಇಲ್ಲ. ಆ ಕೆಳಗಿನ ಕಂಬಿಯ ಬಣ್ಣ ಪೂರ್ತಿ ಉಜ್ಜಿಹೋಗಿದೆ. ಅದನ್ನು ನೋಡುತ್ತ ನಿಂತುಬಿಟ್ಟೆ. ನನಗೆ ಹತ್ತು ವರ್ಷವಿದ್ದಾಗ ತೊಡೆಮೂಳೆಗೆ ಕೀವು ತುಂಬಿ, ನಾಲ್ಕು ಆಪರೇಷನ್ ಆಗಿ, ಒಂದೂವರೆ ವರ್ಷ ಹಾಸಿಗೆಯಲ್ಲಿದ್ದು ಮತ್ತೆ ನಡೆಯಲು ಕಲಿತೆನಲ್ಲ, ಆಗ ನನಗೆ ಇದ್ದ ಕಂಬಿ ನಿನ್ನ ತೋಳು. "ಮೂಳೆ ಗಟ್ಟಿಯಾಗ್ತಿದೆ, ತಲೆ ಮೊದಲೇ ಗಟ್ಟಿ" ಎಂದು ನೀನು ನನ್ನನ್ನು ಅಡುಗೆಮನೆಯಿಂದ ಕಿಟಕಿಯವರೆಗೆ ನಡೆಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ಇಷ್ಟರಲ್ಲಿ ಅಜ್ಜ ಕಾಣೆ. ತಿರುಗಿ ನೋಡುತ್ತೇನೆ, ವಾರ್ಡಿನ ಬಾಗಿಲ ಬಳಿ ಇದ್ದ, ಮಕ್ಕಳನ್ನು ತೂಗುವ ತಕ್ಕಡಿಯ ಮುಂದೆ ಮಂಡಿಯೂರಿ ಕೂತಿದ್ದಾರೆ. ಅಲ್ಲಿನ ಸಿಸ್ಟರ್ ಕೆಂಡವಾಗಿ, "ಯಜಮಾನ್ರೇ, ಅದನ್ನ ಮುಟ್ಟಬೇಡಿ" ಅನ್ನುತ್ತಿದ್ದಾರೆ. ಅಜ್ಜ ತಲೆ ಎತ್ತದೆ, "ತಾಯೀ, ಇದು ನಲವತ್ತು ಗ್ರಾಂ ಜಾಸ್ತಿ ತೋರಿಸ್ತಾ ಇದೆ" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸೀಟು ಕೊಟ್ಟವರು ಇದನ್ನು ನೋಡಿ ವಾಪಸು ಕಿತ್ತುಕೊಂಡರೆ? ಗಲಾಟೆಗೆ ಒಳಗಿನಿಂದ ಮೂಳೆ ಡಾಕ್ಟರಮ್ಮ ಬಂದರು, ಗಿಡ್ಡನೆಯ ಹೆಂಗಸು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದರು. ಅವರು ಔಷಧಿ ಕೋಣೆಯಿಂದ ಅರ್ಧ ಕಿಲೋದ ಬಟ್ಟು ತರಿಸಿ ಇಟ್ಟು ನೋಡಿದರೆ ತಕ್ಕಡಿ ಐನೂರ ನಲವತ್ತು ತೋರಿಸಿತು! ಅಜ್ಜ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಎರಡೇ ತಿರುವಿಗೆ ಸರಿ ಮಾಡಿದರು. ಆಮೇಲೆ ಆ ಸಿಸ್ಟರೇ ಅಜ್ಜನಿಗೆ ಚಹಾ ತಂದುಕೊಟ್ಟರು, ಡಾಕ್ಟರಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಎಕ್ಸ್‌ರೇ ಬೆಳಕಿಗೆ ಹಿಡಿದು "ಏನು ಕಾಣುತ್ತೆ ಹೇಳು" ಅಂದರು. ನಾನು ನನ್ನ ಎಕ್ಸ್‌ರೇಗಳನ್ನು ಕಿಟಕಿಗೆ ಅಂಟಿಸಿಕೊಂಡು ಬೆಳೆದವಳು. "ಇಲ್ಲಿ ಕೀವು ಇತ್ತು, ವಾಸಿಯಾಗಿದೆ, ಈ ಮಗು ಈಗ ನಡೀತಾ ಇರಬೇಕು" ಅಂದೆ. ಅವರು ಎಕ್ಸ್‌ರೇ ಕೆಳಗಿಳಿಸಿ, "ನಡೀತಾ ಅಲ್ಲ, ಓಡ್ತಾ ಇದಾನೆ" ಅಂದರು. ವಾಪಸು ಬರುವಾಗ ಒಂಬತ್ತು ಗಂಟೆಯೂ ನಾನು ಮಾತಾಡುತ್ತಲೇ ಇದ್ದೆನಂತೆ, ಅಜ್ಜ ಹತ್ತಿಯಿಂದ ಕಿವಿ ಮುಚ್ಚಿಕೊಂಡಿದ್ದರು.

ಹತ್ತನೇ ತಾರೀಕು ಬುಧವಾರ ಗಡಿಯಾರ ಕಾಲೇಜಿನ ಸರದಿ. ಅಮ್ಮ ಇಸ್ತ್ರಿ ಮಾಡಿದ ಸಮವಸ್ತ್ರ ಹಾಕಿಕೊಂಡು ತನ್ನ ಬಸ್ಸಿನಲ್ಲೇ ಕರೆದುಕೊಂಡು ಹೋಗಿ ಗೇಟಿನಲ್ಲಿ ಇಳಿಸಿ, ಮುಂದಿನ ಟ್ರಿಪ್ಪಿಗೆ ಬಂದು ಹತ್ತಿಸಿಕೊಳ್ಳುತ್ತೇನೆ ಅಂದಳು. ಅದೂ ಒಳ್ಳೆಯ ಕಾಲೇಜೇ, ಸುಳ್ಳು ಹೇಳುವುದಿಲ್ಲ. ಗ್ರಂಥಾಲಯದ ಮೇಜುಗಳು ನೂರು ವರ್ಷದ ಮೊಣಕೈಗಳಿಂದ ನುಣುಪಾಗಿವೆ. ಗೋಪುರದ ಮೆಟ್ಟಿಲು ಎಣಿಸಿದೆ, ನೀನು ಹೇಳಿದಂತೆ ನಲವತ್ತೆರಡು. ಮೂರನೇ ಮೆಟ್ಟಿಲಿನಲ್ಲಿ ಬಿರುಕು ಇನ್ನೂ ಇದೆ. ನಾನು ಮಲಗಿದ್ದಾಗ ನೀನು ಆ ಮೆಟ್ಟಿಲಿನ ಕಥೆ ಎಷ್ಟು ಸಲ ಹೇಳಿದ್ದೆ! ಆದರೆ ಏಕೆ ಸೇರಲಿಲ್ಲ ಎಂದು ಕೇಳಿದರೆ ಒಂದೇ ಉತ್ತರ: "ನಂಗೆ ಆ ಜಾಗ ಹಿಡಿಸಲಿಲ್ಲ. ಅಷ್ಟು ವರ್ಷ ಓದೋ ತಾಳ್ಮೆ ಯಾರಿಗಿದೆ?" ನಾನು ನಂಬಿದ್ದೆ. ಹಿಡಿಸದ ಜಾಗದ ಮೆಟ್ಟಿಲು ಎಷ್ಟೆಂದು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ ಎಂದು ಎಂಟು ವರ್ಷದಲ್ಲಿ ಒಮ್ಮೆಯೂ ಯೋಚಿಸಲಿಲ್ಲ ನೋಡು, ನಾನು ಎಂಥ ಪೆದ್ದಿ.

ಕಚೇರಿಯಲ್ಲಿ ನನ್ನ ಕಾಗದ ತೆಗೆದುಕೊಂಡವರು ಕನ್ನಡಕಕ್ಕೆ ಸರಪಳಿ ಹಾಕಿಕೊಂಡ ವಯಸ್ಸಾದ ಗುಮಾಸ್ತೆ. ಸಂದರ್ಶನದ ದಿನ ನಿನಗೆ ನೀರು ಕೊಟ್ಟಿದ್ದರು ಎಂದು ನೀನು ಹೇಳುತ್ತಿದ್ದ ಸರಪಳಿ ಮೇಡಂ ಇವರೇ ಅಂತ ಆಮೇಲೆ ಗೊತ್ತಾಯಿತು. ಅವರು ನನ್ನ ವಿಳಾಸ ಓದುತ್ತಾ ನಿಂತರು. "ತಕ್ಕಡಿ ರಿಪೇರಿ ಅಂಗಡಿ, ಮಹಡಿ ಮನೆ. ಈ ವಿಳಾಸ ನಂಗೊತ್ತು" ಅಂದರು. ಒಳಗೆ ಹೋಗಿ ಒಂದು ಹಳೆಯ ಕಡತ ತಂದರು. ಸೀಟು ಬೇಡವಾದವರು ಸಾಮಾನ್ಯವಾಗಿ ಬರುವುದೇ ಇಲ್ಲವಂತೆ, ಯಾರೂ ಪತ್ರ ಬರೆಯುವುದಿಲ್ಲವಂತೆ. ಬರೆದವಳು ಒಬ್ಬಳೇ, ಅದಕ್ಕೇ ಎತ್ತಿಟ್ಟಿದ್ದೆ ಎಂದು ಹೇಳಿ ನನ್ನ ಕೈಗೆ ಕೊಟ್ಟರು. ನಿನ್ನ ಅಕ್ಷರ ಅಕ್ಕಾ. ಹದಿನೆಂಟು ವರ್ಷದ ನಿನ್ನ ಅಕ್ಷರ. "ನನ್ನ ತಂಗಿಗೆ ಹತ್ತು ವರ್ಷ. ಅವಳು ಮತ್ತೆ ನಡೆಯುವವರೆಗೆ ನಾನು ಮನೆಯಲ್ಲಿರಬೇಕಾಗಿದೆ. ನನ್ನ ಸೀಟನ್ನು ಒಂದು ವರ್ಷ ಕಾದಿರಿಸಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ದಯವಿಟ್ಟು ತಡಮಾಡದೆ ಮುಂದಿನವರಿಗೆ ಕೊಡಿ, ಅವರು ಕಾಯುತ್ತಿರುತ್ತಾರೆ." ಕಾದಿರಿಸುವ ನಿಯಮ ಆಗ ಇರಲಿಲ್ಲವಂತೆ. ಸರಪಳಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ನೀನೇನಾ ಆ ತಂಗಿ? ನಡೀತಿದೀಯಲ್ಲ, ಸಂತೋಷ" ಅಂದರು. ನಾನು ಅವರ ಮೇಜಿನ ಮುಂದೆಯೇ ಅತ್ತೆ. ಈಗ ಬರೆಯುವಾಗಲೂ ಅಳು ಬರುತ್ತಿದೆ. ನೀನು ನನಗೆ ಸುಳ್ಳು ಹೇಳಿದ್ದಕ್ಕೆ ಸಿಟ್ಟು ಬಂತು, ಆ ಸಿಟ್ಟು ಬಾಗಿಲು ದಾಟುವಷ್ಟು ಹೊತ್ತೂ ಉಳಿಯಲಿಲ್ಲ.

ಬಸ್ಸು ಬಂತು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಅಮ್ಮನಿಗೆ ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅಮ್ಮ ಹನ್ನೊಂದು ವರ್ಷದ ಸರ್ವಿಸಿನಲ್ಲಿ ಮೊದಲ ಸಲ ಒಂದು ಸ್ಟಾಪು ಬಿಟ್ಟು ಮುಂದೆ ಹೋದಳು. ಜನ ಕೂಗಿಕೊಂಡರು. ಗಾಡಿ ನಿಲ್ಲಿಸಿ, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಅಂದಳು: "ನಂಗೂ ಅದನ್ನೇ ಹೇಳಿದ್ಲು, ಓದೋ ತಾಳ್ಮೆ ಇಲ್ಲಾಂತ. ನಾನು ನಂಬಿದ ಹಾಗೆ ಮಾಡ್ದೆ. ನಿಮ್ಮಪ್ಪ ಇರ್ಲಿಲ್ಲ, ನಾನು ಬಸ್ ಬಿಡೋ ಹಾಗಿರ್ಲಿಲ್ಲ. ನಂಬ್ದೆ ಇದ್ರೆ ಅವಳನ್ನ ಕಳಿಸ್ಬೇಕಾಗಿತ್ತು." ಇದನ್ನು ನಿನಗೆ ಬರೆಯಬೇಕೇ ಬೇಡವೇ ಎಂದು ಅಮ್ಮನನ್ನೇ ಕೇಳಿದೆ. ಬರಿ, ನನ್ನ ಕೈಲಿ ಹೇಳೋಕಾಗಲ್ಲ, ನೀನೇ ಬರಿ ಅಂದಳು.

ಮನೆಗೆ ಬಂದವಳೇ ಘೋಷಿಸಿಬಿಟ್ಟೆ, ನಾನು ಗಡಿಯಾರ ಕಾಲೇಜಿಗೇ ಸೇರುವವಳು, ಅಕ್ಕ ಬಿಟ್ಟ ಮೆಟ್ಟಿಲನ್ನು ನಾನು ಹತ್ತುತ್ತೇನೆ, ಇದರಲ್ಲಿ ಎರಡು ಮಾತಿಲ್ಲ ಎಂದು. ಅಮ್ಮ ನನ್ನ ಹಣೆಗೆ ಮುತ್ತಿಟ್ಟಳು. ಎಲ್ಲರಿಗೂ ಸಮಾಧಾನ. ಆದರೆ ಮರುದಿನ ಇದೇ ಮೇಜಿನಲ್ಲಿ ಒಪ್ಪಿಗೆ ಪತ್ರ ಬರೆಯಲು ಕೂತರೆ ಒಂದು ಸಾಲು ಮುಂದಕ್ಕೆ ಹೋಗಲೊಲ್ಲದು. ಮೂರು ಹಾಳೆ ಹರಿದೆ. ಆಗ ಬೇಕರಿಯಾಕೆ ತನ್ನ ತಕ್ಕಡಿ ಹೊತ್ತುಕೊಂಡು ಬಂದಳು, ಬಿಸ್ಕತ್ತು ತೂಗಿದರೆ ಲೆಕ್ಕ ಕೂಡುತ್ತಿಲ್ಲ ಎಂದು. ಅಜ್ಜ ಮುಳ್ಳನ್ನೂ ನೋಡಲಿಲ್ಲ, ಕೊಕ್ಕೆಯನ್ನೂ ನೋಡಲಿಲ್ಲ. ನಿನಗೆ ಗೊತ್ತಲ್ಲ ಅವರ ಪದ್ಧತಿ, ಮೊದಲು ತಟ್ಟೆ ಮಗುಚುವುದು. ಬಟ್ಟು ಇಡುವ ತಟ್ಟೆಯ ಅಡಿಯಲ್ಲಿ ಒಣಗಿದ ಹಿಟ್ಟಿನ ಮುದ್ದೆ ಕಲ್ಲಿನಂತೆ ಅಂಟಿಕೊಂಡಿತ್ತು. ಆಕೆ "ಅಯ್ಯೋ, ಇಷ್ಟು ವರ್ಷ ಊರಿಗೆಲ್ಲ ಜಾಸ್ತಿ ಕೊಟ್ಟೆನಾ!" ಎಂದು ಎದೆ ಬಡಿದುಕೊಂಡಳು. ಅಜ್ಜ ಅದನ್ನು ಕೆರೆದು ತೆಗೆದು, ಎಂದಿನಂತೆ ಕಾಗದದಲ್ಲಿ ಪೊಟ್ಟಣ ಕಟ್ಟಿ ಆಕೆಯ ಕೈಗೇ ಕೊಟ್ಟರು. ತಕ್ಕಡಿಯಿಂದ ಏನು ತೆಗೆದರೂ, ಸವೆದ ಸ್ಪ್ರಿಂಗಾಗಲಿ ಕೊಳೆಯಾಗಲಿ, ಯಜಮಾನರಿಗೆ ವಾಪಸು ಕೊಡಬೇಕು, ಎಸೆಯುವ ಹಕ್ಕು ನಮಗಿಲ್ಲ ಎಂಬುದು ಅಜ್ಜನ ಕಟ್ಟುನಿಟ್ಟು. "ಯಾರೂ ಬೇಕಂತ ಅಂಟಿಸಿದ್ದಲ್ಲಮ್ಮ, ತಾನಾಗೇ ಸೇರ್ಕೊಂಡಿದ್ದು" ಎಂದು ಆಕೆಯನ್ನು ಸಮಾಧಾನ ಮಾಡಿ ಕಳಿಸಿದರು.

ಆಮೇಲೆ ಕೈ ಒರೆಸಿಕೊಂಡು ನನ್ನ ಹರಿದ ಹಾಳೆಗಳನ್ನು ನೋಡಿದರು. "ನಿನ್ ತಟ್ಟೇನೂ ಮಗುಚಿ ನೋಡಿದ್ಯಾ?" ಅಂದರು. ನನಗೆ ಅರ್ಥವಾಗಲಿಲ್ಲ. ಅಜ್ಜ ಸ್ಟೂಲು ಎಳೆದುಕೊಂಡು ಕೂತರು. "ಒಂದು ಮಾತು ಕೇಳ್ತೀನಿ. ನಿನ್ನಕ್ಕ ಆವತ್ತೇ ಅಲ್ಲಿಗೆ ಸೇರಿ ಓದಿ, ಇವತ್ತು ಡಾಕ್ಟರಾಗಿ ಇಲ್ಲೇ ಓಡಾಡ್ತಿದ್ಲು ಅಂದ್ಕೊ. ಆಗ ನೀನು..." ಅವರ ಮಾತು ಮುಗಿಯುವುದರೊಳಗೆ ನನ್ನ ಬಾಯಿಂದ "ನದಿ ಕಾಲೇಜು" ಎಂದು ಬಂದುಬಿಟ್ಟಿತು. ಅಕ್ಕಾ, ನಾನು ಯೋಚಿಸಲೇ ಇಲ್ಲ. ಅದು ಅಲ್ಲೇ ಬಾಯಿ ತುದಿಯಲ್ಲಿ ಕೂತಿತ್ತು. ಆ ಸವೆದ ಕಂಬಿ, ತೋಳು ಮಡಚಿದ ಡಾಕ್ಟರಮ್ಮ, ಓಡುತ್ತಿರುವ ಆ ಹುಡುಗನ ಎಕ್ಸ್‌ರೇ, ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಆಮೇಲೆ ಅಳು ಬಂತು. "ಹಾಗಾದ್ರೆ ಅಕ್ಕನದ್ದು ಏನ್ ಮಾಡ್ಲಿ ಅಜ್ಜಾ, ಅದನ್ನ ಎಸೆಯೋಕಾಗುತ್ತಾ?" ಎಂದು ಕೇಳಿದೆ. "ಎಸೆಯೋಕೆ ಯಾರು ಹೇಳಿದ್ರು? ಯಾರದೋ ಅವರಿಗೆ ಕೊಡು" ಎಂದು ಹೇಳಿ ಎದ್ದು ಹೋಗಿ ಇನ್ನೊಂದು ತಕ್ಕಡಿ ಬಿಚ್ಚತೊಡಗಿದರು. ಅಜ್ಜ ಹಾಗೆಯೇ, ಅರ್ಧ ಹೇಳಿ ಅರ್ಧ ನಮ್ಮ ತಲೆಗೆ ಬಿಡುತ್ತಾರೆ.

ಶುಕ್ರವಾರ ಅಮ್ಮನಿಗೆ ಹೇಳಿದೆ. ನನಗೆ ಅದೇ ದೊಡ್ಡ ಹೆದರಿಕೆಯಾಗಿತ್ತು. ಅಮ್ಮ ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಅಷ್ಟು ದಿನ ಡಿಪೋದಲ್ಲೆಲ್ಲ ಸಾರಿಕೊಂಡು ಬಂದಿದ್ದಳಲ್ಲ ಪಾಪ. ಕೊನೆಯ ಗುಂಡಿಯನ್ನೂ ಹಾಕಿಕೊಂಡು, "ರೈಲು ಎಷ್ಟು ಹೊತ್ತಿಗೆ?" ಅಂದಳು. ಅಷ್ಟೇ! ಸಂಜೆ ಬರುವಾಗ ನನಗೆ ಗಾಲಿ ಇರುವ ಪೆಟ್ಟಿಗೆಯೊಂದನ್ನು ತಂದಿದ್ದಳು. ನನ್ನ ಕಾಲು ಭಾರ ಹೊರಬಾರದಂತೆ. ಈಗ ಅದು ಕೋಣೆಯ ಮಧ್ಯದಲ್ಲಿ ನಿಂತಿದೆ, ನಾನು ಎದ್ದಾಗ ಕೂತಾಗೆಲ್ಲ ಅದನ್ನು ಎಳೆದುಕೊಂಡು ಓಡಾಡುತ್ತೇನೆ. ಔಷಧಿ ಅಂಗಡಿಯವರು ಸಪ್ಪೆ ಮುಖ ಮಾಡಿಕೊಂಡು ಒಂದು ಹಳೆಯ ಸ್ಟೆತೊಸ್ಕೋಪ್ ಕೊಟ್ಟುಹೋದರು. ಅದರಲ್ಲಿ ಅಜ್ಜನ ಎದೆ ಬಡಿತ ಕೇಳಿದೆ. ನಿಲ್ಲದೆ, ತಪ್ಪದೆ, ಅವರೇ ರಿಪೇರಿ ಮಾಡಿಟ್ಟ ಹಾಗೆ ನಡೆಯುತ್ತಿದೆ.

ಆಗಸ್ಟ್ ಮೂರರಂದು ತರಗತಿ ಶುರು. ಅಕ್ಕಾ, ನಾನು ಡಾಕ್ಟರಾಗುತ್ತೇನೆ! ಇದನ್ನು ಬರೆದು ನೋಡಬೇಕೆಂದು ಇಷ್ಟು ದಿನ ಕಾದಿದ್ದೆ, ಈಗ ಬರೆದೆ. ಕ್ಯಾಂಪಿನ ನಿನ್ನ ಅಡುಗೆಯಣ್ಣನಿಗೂ, ಫೋನಿನ ಹಿಂದೆ ಕೂಗಿದವರಿಗೆಲ್ಲರಿಗೂ ನನ್ನ ನಮಸ್ಕಾರ ತಿಳಿಸು. ಅಮ್ಮ ಗಂಟಲಿಗೆ ಬಿಸಿನೀರು ಕುಡಿ ಎಂದು ಮೂರು ಸಲ ಬರೆಸಿದ್ದಾಳೆ, ಒಂದೇ ಸಲ ಬರೆದಿದ್ದೇನೆ, ಉಳಿದೆರಡನ್ನು ನೀನೇ ಓದಿಕೊ. ಅಜ್ಜನ ಆಶೀರ್ವಾದ ಎಂದಿನಂತೆ ಅಳತೆಗಿಂತ ಹೆಚ್ಚೇ ಇದೆ, ಅದನ್ನು ಮಾತ್ರ ಅವರು ತೂಗುವುದಿಲ್ಲ.

ನಿನ್ನ ಕೈಹಿಡಿದು ನಡೆದವಳು,
ಗಡಿಬಿಡಿ

ತಾ. ಕ.: ಲಕೋಟೆ ಮುಚ್ಚುವ ಮುಂಚೆ ಮುಖ್ಯವಾದದ್ದು. ನಿನ್ನೆ ಶನಿವಾರ ಗಡಿಯಾರ ಕಾಲೇಜಿಗೆ ಹೋಗಿ, ಬರುವುದಿಲ್ಲವೆಂದು ನಾನೇ ಪತ್ರ ಕೊಟ್ಟೆ. ಸರಪಳಿ ಮೇಡಂ ಅದನ್ನು ಓದಿ, "ನಿಮ್ಮನೆಯವರು ಬೇಡ ಅನ್ನೋಕೇ ಇಲ್ಲಿಗೆ ಬರ್ತೀರಾ?" ಎಂದು ನಕ್ಕರು. ಆಮೇಲೆ ನೀನೀಗ ಏನು ಮಾಡುತ್ತಿದ್ದೀಯ ಎಂದು ಕೇಳಿದರು. ಊರಿನ ಆಸ್ಪತ್ರೆಯಲ್ಲಿ ಒಂದು ವರ್ಷ, ಗಣಿ ಕ್ಯಾಂಪಿನಲ್ಲಿ ಎರಡು ವರ್ಷ ನರ್ಸ್ ಅಂದೆ. ಅವರ ನಗು ನಿಂತಿತು, ಮೇಜಿನ ಖಾನೆ ಎಳೆದರು. ಹೋದ ವರ್ಷದಿಂದ ಅಲ್ಲಿ ಮೂರು ವರ್ಷ ನರ್ಸ್ ಕೆಲಸ ಮಾಡಿದವರಿಗೆಂದೇ ಹತ್ತು ಸೀಟು ಇಟ್ಟಿದ್ದಾರೆ. ವಯಸ್ಸಿನ ಮಿತಿಯಿಲ್ಲ, ಪ್ರವೇಶ ಪರೀಕ್ಷೆ ಇಲ್ಲ, ಸಂದರ್ಶನ ಮಾತ್ರ. ಸಿಗಲೇಬೇಕೆಂದೇನೂ ಇಲ್ಲ, ಗೊತ್ತು. ಕೊನೆಯ ದಿನ ಜುಲೈ ಹತ್ತು. ಅರ್ಜಿ ಇದರ ಜೊತೆಗಿದೆ. ನಿನ್ನ ಹುಟ್ಟಿದ ದಿನ, ಓದು, ಕೆಲಸ ಎಲ್ಲ ನಾನೇ ತುಂಬಿದ್ದೇನೆ. "ಹಿಂದೆ ಈ ಕಾಲೇಜಿಗೆ ಆಯ್ಕೆಯಾಗಿದ್ದಿರಾ?" ಎಂಬಲ್ಲಿ ಹೌದು ಎಂದು ದಪ್ಪಗೆ ಬರೆದಿದ್ದೇನೆ. ಅಜ್ಜ ಅದನ್ನು ತಾವೇ ಕಾಗದದಲ್ಲಿ ಸುತ್ತಿ ಪೊಟ್ಟಣ ಕಟ್ಟಿದರು. ಡ್ರೈವರ್ ಹಿಂದಿನ ಸೀಟು ಖಾಲಿ ಇದೆ ಎಂದು ಹೇಳು ಅಂದಳು ಅಮ್ಮ. ನಾನು ನಡೆಯುತ್ತಿದ್ದೇನೆ ಅಕ್ಕಾ, ಎಂಟು ವರ್ಷದಿಂದ ಕಾಯುತ್ತಿರುವ ಮುಂದಿನವಳು ನೀನೇ. ಕೆಳಗಡೆ ಸಹಿಯ ಜಾಗ ಮಾತ್ರ ಬಿಟ್ಟಿದ್ದೇನೆ. ಪೆನ್ನೂ ಒಳಗಿದೆ.